ಶಿಬಿರದ ಚೀಲದಲ್ಲಿ ಕನ್ನಡಕಕ್ಕೂ ಜಾಗವಿರಲಿ

ಓಣಂ ರಜೆ, ಕ್ರಿಸ್‌ಮಸ್ ರಜೆ ಬಂತೆಂದರೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಶಿಬಿರಗಳ ಸುಗ್ಗಿ. ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳಿಗೆ ಒಂದು ಶಿಬಿರ, ಎನ್.ಸಿ.ಸಿ.ಯವರಿಗೆ ಇನ್ನೊಂದು, 2010ರಲ್ಲಿ ಕೇರಳದಲ್ಲಿ ಆರಂಭವಾದ ಸ್ಟೂಡೆಂಟ್ ಪೊಲೀಸ್ ಕೆಡೆಟ್‌ಗಳಿಗೆ ಮತ್ತೊಂದು. ಹೈಯರ್ ಸೆಕೆಂಡರಿಯ ಎನ್.ಎಸ್.ಎಸ್. ಮಕ್ಕಳಿಗಂತೂ ಏಳು ದಿನಗಳ ವಾಸ್ತವ್ಯ. ಇವಲ್ಲದೆ ರಾಣಿಪುರದ ಬೆಟ್ಟಕ್ಕೋ, ಗಡಿಯಾಚೆಯ ಕುಮಾರ ಪರ್ವತಕ್ಕೋ ಗುಂಪು ಕಟ್ಟಿಕೊಂಡು ಹೊರಡುವ ಕಾಲೇಜು ಹುಡುಗರು ಬೇರೆ. ಹೊರಡುವ ಮೊದಲು ಶಾಲೆಯಿಂದ ಒಂದು ಪಟ್ಟಿ ಮನೆಗೆ ಬರುತ್ತದೆ. ಟಾರ್ಚು, ಹೊದಿಕೆ, ತಟ್ಟೆ, ಲೋಟ, ಎರಡು ಜೊತೆ ಬಟ್ಟೆ, ಸಾಬೂನು, ಜ್ವರದ ಮಾತ್ರೆ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಇಷ್ಟು ವರ್ಷಗಳಲ್ಲಿ ಇಂತಹ ಹಲವು ಪಟ್ಟಿಗಳನ್ನು ನೋಡಿದ್ದೇನೆ, ಕೆಲವನ್ನು ನಾನೇ ಕನ್ನಡಕ್ಕೆ ಮಾಡಿ ಮಕ್ಕಳ ಕೈಗೆ ಕೊಟ್ಟದ್ದೂ ಇದೆ. ಆದರೆ "ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ತಮ್ಮ ಕನ್ನಡಕವನ್ನೂ ತಪ್ಪದೆ ತರಬೇಕು" ಎಂಬ ಒಂದು ಸಾಲನ್ನು ಯಾವ ಪಟ್ಟಿಯಲ್ಲೂ ಕಂಡದ್ದಿಲ್ಲ.

ಇದೇನು ಅಷ್ಟು ದೊಡ್ಡ ವಿಷಯ, ನಮ್ಮ ಊರಿನ ಮಕ್ಕಳಲ್ಲಿ ಲೆನ್ಸ್ ಹಾಕುವವರು ಎಷ್ಟು ಮಂದಿ ಎಂದು ಕೇಳುವವರಿದ್ದಾರೆ. ಎಷ್ಟು ಮಂದಿ ಎಂಬ ಲೆಕ್ಕ ಯಾರ ಬಳಿಯೂ ಸಿಗದು. ಹಾಕುವವರು ಹೇಳುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಮಗಳಿಗೆ ಹದಿನಾರು ತುಂಬುವ ಮೊದಲೇ ನಾಳೆ ನೋಡಲು ಬರುವವರು ಏನೆಂದಾರು ಎಂಬ ಚಿಂತೆ ಮನೆಯೊಳಗೆ ಹೊಕ್ಕು ಕುಳಿತಿರುತ್ತದೆ. ಕನ್ನಡಕ ಇದ್ದರೆ ಸಂಬಂಧ ಕೂಡಿಬರದು ಎಂದು ಅತ್ತೆಯೋ ಚಿಕ್ಕಮ್ಮನೋ ಒಂದು ಮಾತು ಎಸೆದರೆ ಸಾಕು, ಮುಂದಿನ ತಿಂಗಳು ಹುಡುಗಿಯ ಮೂಗಿನ ಮೇಲಿನ ಕನ್ನಡಕ ಮಾಯ. ಗಂಡುಮಕ್ಕಳಿಗೆ ಕಬಡ್ಡಿ, ವಾಲಿಬಾಲಿನ ನೆಪ. ಮಂಗಳೂರಿನಿಂದ ತಂದ ಲೆನ್ಸಿನ ಪುಟ್ಟ ಡಬ್ಬಿ ಚೀಲದ ಒಳಜೇಬಿನಲ್ಲಿ ಅಡಗಿರುತ್ತದೆ. ಶಾಲೆಯ ದಿನಗಳಲ್ಲಿ ಇದರಿಂದ ದೊಡ್ಡ ಅಪಾಯವಿಲ್ಲ. ಬೆಳಗ್ಗೆ ಹಾಕಿ ಸಂಜೆ ಮನೆಯಲ್ಲಿ ತೆಗೆಯುತ್ತಾರೆ. ಐವತ್ತು ಮಂದಿ ಒಂದೇ ಕೊಠಡಿಯಲ್ಲಿ ಚಾಪೆ ಹಾಸಿ ಮಲಗುವ ಶಿಬಿರದಲ್ಲಿ ಮಾತ್ರ ಈ ಗುಟ್ಟೇ ಶತ್ರುವಾಗುತ್ತದೆ. ಎಲ್ಲರ ಕಣ್ಣೆದುರು ಲೆನ್ಸ್ ತೆಗೆಯಲು ನಾಚಿಕೆ. ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬಂದದ್ದರಿಂದ ತೆಗೆದರೆ ಕಣ್ಣೇ ಕಾಣದು. ಹಾಗಾಗಿ ಹಾಕಿಕೊಂಡೇ ಮಲಗುವುದು!

ನಾನು ಹೇಳುತ್ತಿರುವುದು ಊಹೆಯ ಮಾತಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶಿಬಿರದ ಮೂರನೆಯ ದಿನ ಬೆಳಗ್ಗೆ ಒಬ್ಬ ವಿದ್ಯಾರ್ಥಿನಿಯ ಎಡಗಣ್ಣು ಕೆಂಡದಂತಾಗಿತ್ತು. ಬೆಳಕಿಗೆ ಮುಖ ಎತ್ತಲಾರಳು, ನೀರು ಧಾರೆಯಾಗಿ ಸುರಿಯುತ್ತಿದೆ. ಮದ್ರಾಸ್ ಕಣ್ಣು ಎಂದೇ ಎಲ್ಲರೂ ತಿಳಿದು ಅವಳನ್ನು ಬೇರೆ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ನೋವು ತಾಳಲಾರದೆ ಒಬ್ಬ ಟೀಚರ ಕಿವಿಯಲ್ಲಿ ನಿಜ ಹೇಳಿದಳು. ಎರಡು ರಾತ್ರಿ ತೆಗೆದಿರಲಿಲ್ಲ, ನಡುವೆ ತೋಡಿನಲ್ಲಿ ಮುಳುಗಿ ಸ್ನಾನವೂ ಆಗಿತ್ತು. ಆ ದಿನವೇ ಆಸ್ಪತ್ರೆಗೆ ಸೇರಿಸಿದ್ದರಿಂದ ದೃಷ್ಟಿ ಉಳಿಯಿತು; ಕರಿಗುಡ್ಡೆಯ ಮೇಲೊಂದು ಸಣ್ಣ ಬಿಳಿ ಕಲೆಯೂ ಉಳಿಯಿತು. ಯಾರ ಸಂಬಂಧದ ಚಿಂತೆಯಿಂದ ಕನ್ನಡಕ ಮನೆಯಲ್ಲಿ ಉಳಿದಿತ್ತೋ ಅವರೆಲ್ಲ ಈಗ ಆ ಕಲೆಯನ್ನು ನೋಡುತ್ತಾರೆ.

ಲೆನ್ಸ್ ಎಂಬ ವಸ್ತುವಿನ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಅದೊಂದು ಸೊಗಸಾದ ಸಾಧನ. 1880ರ ದಶಕದಲ್ಲಿ ಗಾಜಿನಿಂದ ಮಾಡಿದ ಲೆನ್ಸುಗಳು ಬಂದಾಗ ಅವನ್ನು ಕೆಲವು ಗಂಟೆ ಧರಿಸುವುದೇ ಸಾಹಸವಾಗಿತ್ತು. ಇಂದು ನಾವು ಕಾಣುವ ಮೃದು ಲೆನ್ಸಿನ ಮೂಲಪುರುಷ ಚೆಕ್ ದೇಶದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ. 1961ರ ಕ್ರಿಸ್‌ಮಸ್ ಸಮಯದಲ್ಲಿ ಆತ ಮಕ್ಕಳ ಆಟದ ಜೋಡಣೆಯ ಸಾಮಾನುಗಳಿಂದ ಮನೆಯಲ್ಲೇ ಒಂದು ತಿರುಗುವ ಯಂತ್ರ ಕಟ್ಟಿ ಲೆನ್ಸ್ ತಯಾರಿಸಿದ. 1971ರಲ್ಲಿ ಅಮೆರಿಕದಲ್ಲಿ ಮೃದು ಲೆನ್ಸಿನ ಮಾರಾಟಕ್ಕೆ ಅನುಮತಿ ಸಿಕ್ಕಿತು. ಒಂದು ದಿನ ಧರಿಸಿ ಎಸೆಯುವ ಲೆನ್ಸುಗಳು 1990ರ ದಶಕದಲ್ಲಿ ಬಂದವು. ಈ ಮೃದು ಲೆನ್ಸಿನ ಮೃದುತ್ವವೆಲ್ಲ ಅದು ಹೀರಿಕೊಂಡ ನೀರಿನದು. ಸ್ಪಂಜಿನಂತೆ ಹೀರುವ ಗುಣವೇ ಅದರ ಹಿರಿಮೆ, ಕಾಡಿನಲ್ಲಿ ಅದರ ದೋಷವೂ ಅದೇ. ಯಾವ ನೀರು ತಾಗಿದರೂ ಹೀರುತ್ತದೆ. ನೀರಿನಲ್ಲಿರುವುದನ್ನೂ ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ.

ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಇರುವ ಪಾರದರ್ಶಕ ಪೊರೆಗೆ ಕಾರ್ನಿಯಾ ಎಂದು ಹೆಸರು. ಅದರಲ್ಲಿ ರಕ್ತನಾಳಗಳಿಲ್ಲ. ಇದ್ದರೆ ಪಾರದರ್ಶಕವಾಗಿರುತ್ತಿರಲಿಲ್ಲ. ಅದು ಉಸಿರಾಡುವುದು ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ. ಲೆನ್ಸ್ ಹಾಕಿದಾಗ ಆ ಗಾಳಿಗೆ ಸ್ವಲ್ಪ ತಡೆ. ಲೆನ್ಸ್ ಹಾಕಿ ರೆಪ್ಪೆಯನ್ನೂ ಮುಚ್ಚಿ ಮಲಗಿದರೆ ಎರಡು ತಡೆ. ಉಸಿರು ಕಟ್ಟಿದ ಪೊರೆಯ ಮೇಲ್ಪದರ ದುರ್ಬಲವಾಗಿ ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆ. ಲೆನ್ಸ್ ಧರಿಸಿಯೇ ಮಲಗುವವರಿಗೆ ಕಣ್ಣಿನ ಸೋಂಕಿನ ಅಪಾಯ ಆರರಿಂದ ಎಂಟು ಪಟ್ಟು ಹೆಚ್ಚು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಚ್ಚರಿಸುತ್ತದೆ. ಒಂದು ರಾತ್ರಿ ಅಲ್ಲವೇ, ಏನಾದೀತು ಎನ್ನುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ನೀರಿನ ವಿಷಯ. ಇಲ್ಲಿ ನಮ್ಮ ಜನರಿಗೆ ತಿಳಿ ಹೇಳುವುದು ಬಲು ಕಷ್ಟ. ನಮ್ಮ ಗುಡ್ಡೆಗಳಲ್ಲಿ ಅಜ್ಜಂದಿರು ಕೊರೆದ ಸುರಂಗಗಳಿವೆ. ಅವುಗಳಿಂದ ಬೇಸಿಗೆಯಲ್ಲೂ ತಣ್ಣಗೆ ಹರಿದುಬರುವ ನೀರನ್ನು ಕುಡಿದು ಬೆಳೆದವರು ನಾವು. "ಸುರಂಗದ ನೀರಲ್ಲವೋ, ತೀರ್ಥದ ಹಾಗಿದೆ, ಅದರಲ್ಲಿ ತೊಳೆದರೆ ಏನಂತೆ?" ಎಂದು ಕೇಳುವ ಅಜ್ಜನಿಗೆ ಏನು ಉತ್ತರ ಕೊಡೋಣ? ಕುಡಿಯಲು ಒಳ್ಳೆಯ ನೀರು ಲೆನ್ಸಿಗೆ ಒಳ್ಳೆಯದಲ್ಲ ಎಂಬುದೇ ಉತ್ತರ. ಬಾವಿ, ಕೆರೆ, ತೋಡು, ನಳ್ಳಿಯ ನೀರು, ಒದ್ದೆ ಮಣ್ಣು ಇವೆಲ್ಲದರಲ್ಲೂ ಅಕಾಂತಮೀಬ ಎಂಬ ಕಣ್ಣಿಗೆ ಕಾಣದ ಏಕಕೋಶ ಜೀವಿ ಇರಬಲ್ಲದು. ಹೊಟ್ಟೆಗೆ ಹೋದರೆ ಅದು ನಮಗೇನೂ ಮಾಡದು. ಲೆನ್ಸಿನ ಅಡಿಯಲ್ಲಿ ಸಿಕ್ಕಿಬಿದ್ದು ಕಾರ್ನಿಯಾದ ಮೇಲೆ ಗೀರು ಕಂಡರೆ ಒಳಹೊಕ್ಕು ತಿನ್ನತೊಡಗುತ್ತದೆ. ಪ್ರತಿಕೂಲ ಕಾಲದಲ್ಲಿ ಗಟ್ಟಿ ಕವಚ ಕಟ್ಟಿಕೊಂಡು ಕುಳಿತುಬಿಡುವ ಪ್ರಾಣಿ ಇದು. ಈಜುಕೊಳಕ್ಕೆ ಹಾಕುವ ಕ್ಲೋರಿನ್ನಿಗೂ ಆ ಕವಚ ಜಗ್ಗುವುದಿಲ್ಲ. ಸಾಮಾನ್ಯ ಲೆನ್ಸ್ ದ್ರಾವಣಗಳೂ ಅದನ್ನು ಪೂರ್ತಿ ಕೊಲ್ಲುತ್ತವೆಂಬ ಭರವಸೆಯಿಲ್ಲ. ರೋಗ ಅಪರೂಪದ್ದೇ ಸರಿ. ಹಿಡಿದರೆ ಮಾತ್ರ ಮೊದಲ ದಿನಗಳಲ್ಲಿ ಹಗಲು ರಾತ್ರಿ ಗಂಟೆಗೊಮ್ಮೆ ಮದ್ದಿನ ಹನಿ, ಆಮೇಲೆ ತಿಂಗಳುಗಟ್ಟಲೆ ಚಿಕಿತ್ಸೆ, ಕೆಲವರಿಗೆ ಸತ್ತವರ ಕಣ್ಣಿನಿಂದ ತೆಗೆದ ಕಾರ್ನಿಯಾ ಜೋಡಣೆ.

ಈ ರೋಗದ ಚರಿತ್ರೆಯಲ್ಲಿ ನಮಗೆ ಸಂಬಂಧಪಟ್ಟ ಎರಡು ಸಂಗತಿಗಳಿವೆ. 1973ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಇದು ಕಾಣಿಸಿದ್ದು ಲೆನ್ಸ್ ಧರಿಸುವವನಲ್ಲಿ ಅಲ್ಲ, ಕಣ್ಣಿಗೆ ಹುಲ್ಲಿನ ಚೂರು ಬಿದ್ದ ಒಬ್ಬ ಪಶುಪಾಲಕನಲ್ಲಿ. ನಮ್ಮ ದೇಶದಲ್ಲಿಯೂ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ಕಂಡ ರೋಗಿಗಳಲ್ಲಿ ಬಹುಪಾಲು ಮಂದಿ ಲೆನ್ಸ್ ಮುಟ್ಟದವರು. ಕಣ್ಣಿಗೆ ಧೂಳು ಕಸ ಬಿದ್ದು ಗಾಯವಾದವರು, ಕೊಳೆ ನೀರು ತಾಗಿದವರು. ಅಂದರೆ ತೋಟದಲ್ಲಿ ದುಡಿಯುವ ನಮ್ಮ ಮಂದಿಗೂ ಇದು ದೂರದ ರೋಗವಲ್ಲ. ಎರಡನೆಯದು 1980ರ ದಶಕದ ಮಾತು. ಆಗ ಅಮೆರಿಕದಲ್ಲಿ ಲೆನ್ಸ್ ಧರಿಸುವವರಲ್ಲಿ ಈ ರೋಗ ಹೆಚ್ಚಾದಾಗ ವಿಚಾರಿಸಿ ನೋಡಿದರು. ಅನೇಕರು ಮನೆಯಲ್ಲೇ ಉಪ್ಪಿನ ಗುಳಿಗೆ ಕರಗಿಸಿ ದ್ರಾವಣ ಮಾಡಿಕೊಳ್ಳುತ್ತಿದ್ದರು! ಶಿಬಿರದಲ್ಲಿ ದ್ರಾವಣದ ಬಾಟಲಿ ಮುಗಿದಾಗ, "ಉಪ್ಪುನೀರೇ ಅಲ್ಲವೇ, ಕುದಿಸಿದ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದರೆ ಆಯಿತು" ಎಂದು ಬುದ್ಧಿವಂತಿಕೆ ತೋರಿಸುವ ಹುಡುಗರು ನಮ್ಮಲ್ಲೂ ಇದ್ದಾರೆ. ಅಂಥವರ ಕಿವಿ ಹಿಂಡಿ ಈ ಕಥೆ ಹೇಳಬೇಕು. ಎಂಜಲು ಹಚ್ಚಿ ಲೆನ್ಸ್ ಒದ್ದೆ ಮಾಡುವವರ ಬಗ್ಗೆ ಹೇಳದಿರುವುದೇ ಲೇಸು.

ಕುಮಾರ ಪರ್ವತ ಹತ್ತುವವರು ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಯಲ್ಲಿ ಮಿಂದು ದೇವರ ದರ್ಶನ ಮಾಡಿ ಹೊರಡುವುದು ವಾಡಿಕೆ. ಮೀಯಲಿ, ಸಂತೋಷ. ಲೆನ್ಸನ್ನು ಮೊದಲು ತೆಗೆದಿಟ್ಟು ಮೀಯಲಿ. ಸಿಹಿನೀರು ತಾಗಿದ ಮೃದು ಲೆನ್ಸ್ ಉಬ್ಬಿ ಕಣ್ಣಿಗೆ ಬಿಗಿಯಾಗಿ ಅಂಟುವುದೂ ಉಂಟು. ಅವಸರದಲ್ಲಿ ಕಿತ್ತರೆ ಕಾರ್ನಿಯಾಕ್ಕೆ ಗೀರು. ಜಲಪಾತ, ಹೊಳೆ, ಕೆರೆ, ಶಿಬಿರದ ಬಚ್ಚಲಲ್ಲಿ ತಲೆಗೆ ಹೊಯ್ಯುವ ನೀರು, ಎಲ್ಲದಕ್ಕೂ ಇದೇ ನಿಯಮ.

ಹಾಗಾದರೆ ಕಾಡಿಗೆ ಲೆನ್ಸ್ ಒಯ್ಯಲೇಬಾರದೆ? ಒಂದೆರಡು ದಿನದ ಶಿಬಿರಕ್ಕೆ ಕನ್ನಡಕವೊಂದೇ ಸಾಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಯ್ಯಲೇಬೇಕೆಂದರೆ ದಿನಕ್ಕೊಂದು ಜೊತೆಯಂತೆ ಧರಿಸಿ ಸಂಜೆ ಎಸೆಯುವ ಲೆನ್ಸನ್ನು ಕಣ್ಣಿನ ಡಾಕ್ಟರ ಸಲಹೆಯಂತೆ ಕೊಳ್ಳಲಿ. ಅದಕ್ಕೆ ಡಬ್ಬಿ ಬೇಡ, ದ್ರಾವಣ ಬೇಡ, ತೊಳೆಯುವ ಗೋಜಿಲ್ಲ. ದಿನದ ಲೆಕ್ಕಕ್ಕಿಂತ ಎರಡು ಜೊತೆ ಹೆಚ್ಚು ಇರಲಿ. ಅಷ್ಟು ಖರ್ಚು ಮಾಡಲಾಗದು ಎನ್ನುವವರಿಗೆ ಕನ್ನಡಕವಿದ್ದೇ ಇದೆ. ತಿಂಗಳುಗಟ್ಟಲೆ ಬಳಸುವ ಲೆನ್ಸನ್ನು ಶಿಬಿರದಲ್ಲಿ ಕಾಪಾಡುವ ಕಷ್ಟ ನೋಡಿದರೆ ಅದೇ ಮೇಲು. ಡಬ್ಬಿಯಲ್ಲಿ ಹಳೆಯ ದ್ರಾವಣ ಚೆಲ್ಲಿ ಪ್ರತಿ ಸಲ ಹೊಸತು ಹಾಕಬೇಕು, ಹಳೆಯದರ ಮೇಲೆ ಹನಿ ಹನಿ ಸೇರಿಸಬಾರದು. ಲೆನ್ಸನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಉಜ್ಜಬೇಕು. ಡಬ್ಬಿಯನ್ನು ದ್ರಾವಣದಲ್ಲೇ ತೊಳೆದು ಕವುಚಿ ಒಣಗಿಸಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಸಲೈನ್ ಎಂದು ಬರೆದ ಬಾಟಲಿ ತೊಳೆಯಲು ಮಾತ್ರ, ರೋಗಾಣು ಕೊಲ್ಲಲು ಅಲ್ಲ. ಕಂಪೆನಿಯ ಮೊಹರು ಇದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. 2006ರಲ್ಲಿ ಬೂಷ್ಟು ಸೋಂಕಿನ ಕಾರಣಕ್ಕೆ ಒಂದು ಪ್ರಸಿದ್ಧ ದ್ರಾವಣವನ್ನು, 2007ರಲ್ಲಿ ಇದೇ ಅಮೀಬದ ಕಾರಣಕ್ಕೆ ಇನ್ನೊಂದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು.

ಕೈಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲ ಕಳೆದರೂ ನಮ್ಮ ಘಟ್ಟದ ಬುಡದಲ್ಲಿ ಉಂಬಳದ ಕಾಟ ತಪ್ಪಿದ್ದಲ್ಲ. ಕಾಲಿಗೆ ಹೊಗೆಸೊಪ್ಪಿನ ಹುಡಿ, ಸುಣ್ಣ, ಉಪ್ಪು ಹಚ್ಚಿಕೊಳ್ಳುತ್ತೇವೆ. ಸೊಳ್ಳೆಗೆಂದು ಒಡೊಮೊಸ್ ತಿಕ್ಕುತ್ತೇವೆ. ಅಡುಗೆಯ ಸರದಿ ಬಂದವರು ಹಸಿಮೆಣಸು ಕೊಯ್ಯುತ್ತಾರೆ. ಆ ಕೈಯಲ್ಲೇ ಲೆನ್ಸ್ ಮುಟ್ಟಿದರೆ? ಮೆಣಸು ತಾಗಿದ ಲೆನ್ಸ್ ಎಷ್ಟು ತೊಳೆದರೂ ಉರಿ ಬಿಡದು. ಬೆಳಗ್ಗೆ ಎದ್ದೊಡನೆ, ಬೇರೇನನ್ನೂ ಮೈಗೆ ಹಚ್ಚುವ ಮೊದಲೇ, ಸಾಬೂನಿನಲ್ಲಿ ಕೈ ತೊಳೆದು ಒಗೆದ ಬಟ್ಟೆಯಲ್ಲಿ ಪೂರ್ತಿ ಒರೆಸಿ ಲೆನ್ಸ್ ಹಾಕಬೇಕು. ಪೂರ್ತಿ ಒರೆಸಬೇಕೆಂದದ್ದು ಏಕೆಂದರೆ ಬೆರಳ ತುದಿಯ ನೀರಹನಿಯೂ ನೀರೇ. ಸ್ಯಾನಿಟೈಸರ್ ಉಜ್ಜಿದ ಬೆರಳು ಒಣಗುವ ಮೊದಲು ಕಣ್ಣಿಗೆ ಹೋದರೆ ಸುಡುತ್ತದೆ. ಶಿಬಿರಾಗ್ನಿಯ ಸುತ್ತ ಕುಳಿತು ಹಾಡುವ ಹೊತ್ತಿಗೆ ಲೆನ್ಸ್ ಡಬ್ಬಿಯೊಳಗೆ, ಕನ್ನಡಕ ಮೂಗಿನ ಮೇಲೆ ಇದ್ದರೆ ಹೊಗೆಯ ಕಾಟವೂ ಕಡಿಮೆ, ರಾತ್ರಿ ಮರೆತು ಮಲಗುವ ಭಯವೂ ಇಲ್ಲ.

ಲೆನ್ಸ್ ಜಾರಿ ಕಣ್ಣಿನ ಹಿಂದಕ್ಕೆ ಹೋಗಿ ತಲೆಯೊಳಗೆ ಸೇರುತ್ತದೆಂಬ ಹೆದರಿಕೆ ಹಲವು ತಾಯಂದಿರಿಗಿದೆ. ಹಾಗೆ ಹೋಗಲು ದಾರಿಯೇ ಇಲ್ಲ. ರೆಪ್ಪೆಯ ಒಳಗಿನ ಪೊರೆ ಮಡಚಿ ಕಣ್ಣುಗುಡ್ಡೆಗೆ ಸೇರಿಕೊಂಡಿದೆ. ಹೆಚ್ಚೆಂದರೆ ಮೇಲಿನ ರೆಪ್ಪೆಯಡಿ ಸಿಕ್ಕೀತು. ಹೆದರಬೇಕಾದ ಚಿಹ್ನೆಗಳು ಬೇರೆ. ಕೆಂಪು, ನೋವು, ಬೆಳಕು ಕಂಡರೆ ಆಗದಿರುವುದು, ಮಂಜು ಕವಿದಂತೆ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆಯಬೇಕು. ಮತ್ತೆ ಹಾಕಕೂಡದು. ಆಗ ನಮ್ಮ ಹಳೆಯ ಮದ್ದುಗಳೆಲ್ಲ ಒಂದೊಂದಾಗಿ ಹೊರಬರುತ್ತವೆ: ನಂದಿಬಟ್ಟಲ ಹೂವಿನ ರಸ, ಜೇನು, ಎದೆಹಾಲು, ಗುಲಾಬಿ ನೀರು. ಹಿರಿಯರ ಮೇಲಿನ ಗೌರವ ಒಂದಿಷ್ಟೂ ಕಡಿಮೆಯಾಗದೆ ಹೇಳುತ್ತೇನೆ, ಲೆನ್ಸ್ ಹಾಕಿದ ಕಣ್ಣು ಕೆಂಪಾದಾಗ ಇವು ಯಾವುವೂ ಬೇಡ. ಪೇಟೆಯ ಮದ್ದಿನಂಗಡಿಯಲ್ಲಿ ಕೇಳಿ ತರುವ ಹನಿಯೂ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಮೇಲಿಂದ ಇಳಿದು ಒಳಗಿನ ಹುಣ್ಣು ಬೆಳೆಯುತ್ತದೆ. ಕಣ್ಣಿಗೆ ಪಟ್ಟಿ ಬಿಗಿದು ಕಟ್ಟುವುದೂ ಕೂಡದು. ಅದೇ ದಿನ ಕಣ್ಣಿನ ಡಾಕ್ಟರಲ್ಲಿಗೆ ಹೋಗಬೇಕು. ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಎಸೆಯದೆ ಜೊತೆಗೆ ಒಯ್ಯಬೇಕು. ಯಾವ ರೋಗಾಣು ಎಂದು ಪರೀಕ್ಷಿಸಲು ಅದು ನೆರವಾಗುತ್ತದೆ. ರಾಣಿಪುರದಿಂದ ಕಾಞಂಗಾಡಿಗೆ 48 ಕಿಲೋಮೀಟರ್. ನಾಳೆ ನೋಡೋಣ ಎನ್ನುವವರು ಈ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬ್ಯಾಕ್ಟೀರಿಯಾದ ಹುಣ್ಣು ಒಂದೆರಡು ದಿನಗಳಲ್ಲೇ ಕಾರ್ನಿಯಾವನ್ನು ಹಾಳುಮಾಡಬಲ್ಲದು.

ಶಿಬಿರ ನಡೆಸುವ ಅಧ್ಯಾಪಕ ಬಂಧುಗಳಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಹೆತ್ತವರ ಒಪ್ಪಿಗೆ ಪತ್ರದಲ್ಲಿ ಅಲರ್ಜಿ, ಅಪಸ್ಮಾರ, ಆಸ್ತಮಾ ಇದೆಯೇ ಎಂದು ಕೇಳುತ್ತೇವೆ. ಲೆನ್ಸ್ ಧರಿಸುತ್ತಾರೆಯೇ ಎಂದು ಇನ್ನೊಂದು ಪ್ರಶ್ನೆ ಸೇರಿಸೋಣ. ಆ ಉತ್ತರವನ್ನು ಒಬ್ಬ ಅಧ್ಯಾಪಕರು ಮಾತ್ರ ತಿಳಿದಿದ್ದರೆ ಸಾಕು, ಸಾಲಿನಲ್ಲಿ ನಿಲ್ಲಿಸಿ ಕೈ ಎತ್ತಿಸುವುದು ಬೇಡ. ದೀಪ ಆರಿಸುವ ಮೊದಲು ಹತ್ತು ನಿಮಿಷ, ಒಂದು ಬಕೆಟ್ ನೀರು, ಸಾಬೂನು, ಒಂದು ಕನ್ನಡಿ, ಒಂದು ಮರೆಯ ಜಾಗ ಮಾಡಿಕೊಟ್ಟರೆ ನಾಚಿಕೆಯ ಪ್ರಶ್ನೆ ಬರುವುದಿಲ್ಲ.

ಮತ್ತು ಆ ಪತ್ರ ಕನ್ನಡದಲ್ಲೂ ಇರಲಿ. ಲೆನ್ಸಿನ ಪೆಟ್ಟಿಗೆಯೊಳಗಿನ ಚೀಟಿ ಇಂಗ್ಲಿಷಿನಲ್ಲಿ, ಅದೂ ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ. ಶಿಬಿರದ ಸುತ್ತೋಲೆ ಬರುವುದು ಮಲಯಾಳದಲ್ಲಿ. ಮನೆಯಲ್ಲಿ ಅಮ್ಮನಿಗೆ ಓದಲು ಬರುವುದು ಕನ್ನಡ. ಮಗು ತನಗೆ ಬೇಕಾದಷ್ಟನ್ನು ಮಾತ್ರ ಓದಿ ಹೇಳಿದರೆ ಅವಳಿಗೆ ತಿಳಿಯುವ ಬಗೆ ಯಾವುದು? (ಮಲಯಾಳದಲ್ಲಿ ಕನ್ನಡಕಕ್ಕೆ ಕಣ್ಣಡ ಎನ್ನುತ್ತಾರೆ. ಕನ್ನಡದ ಮಾಸ್ತರು ಕಣ್ಣಡ ಹಾಕದೆ ಇರುವುದುಂಟೇ ಎಂದು ಸಹೋದ್ಯೋಗಿಗಳು ನನ್ನನ್ನು ತಮಾಷೆ ಮಾಡುವುದಿದೆ.) ಪಿ.ಟಿ.ಎ. ಸಭೆಯಲ್ಲಿ ಕೇಳಿದರೆ ಒಂದು ಹಾಳೆಯನ್ನು ಕನ್ನಡದಲ್ಲಿ ಬರೆದು ನಕಲು ತೆಗೆಸುವುದಕ್ಕೆ ಯಾರ ಅಡ್ಡಿಯೂ ಇರಲಾರದು. ಕೇಳುವವರು ಬೇಕು.

ಹೆತ್ತವರಿಗೆ ಇನ್ನೂ ಒಂದು ಮಾತು. ಹಳೆಯ ಕನ್ನಡಕ ಕಪಾಟಿನಲ್ಲಿ ಬಿದ್ದಿದ್ದರೆ ಅದರ ಪವರ್ ಈಗಿನ ಕಣ್ಣಿಗೆ ಹೊಂದುತ್ತದೆಯೇ ಎಂದು ಶಿಬಿರಕ್ಕೆ ಒಂದು ವಾರ ಮೊದಲೇ ನೋಡಿಸಿಬಿಡಿ. ಮೂರು ವರ್ಷ ಹಿಂದಿನ ಕನ್ನಡಕ ಹಾಕಿ ಗುಡ್ಡೆಯ ಕಾಲುದಾರಿಯಲ್ಲಿ ನಡೆಯಲಾರದ ಹುಡುಗ ಮತ್ತೆ ಲೆನ್ಸಿನ ಡಬ್ಬಿಗೇ ಕೈ ಹಾಕುತ್ತಾನೆ. ಬೆಟ್ಟ ಹತ್ತುವಾಗ ಬೆವರಿಗೆ ಕನ್ನಡಕ ಜಾರುತ್ತದೆ ಎಂದು ಅವನು ದೂರಿದರೆ, ಎರಡು ಕಡ್ಡಿಗಳ ತುದಿಗೆ ಒಂದು ಇಲಾಸ್ಟಿಕ್ ದಾರ ಕಟ್ಟಿ ತಲೆಯ ಹಿಂದಕ್ಕೆ ಹಾಕಿಕೊಡಿ. ಕನ್ನಡಕದ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಅಮ್ಮನ ಹೊಲಿಗೆ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ.